ದೋಣಿಯ ನಕ್ಷೆ ಯಾರ ಸೊತ್ತು?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ಆಷಾಢದಲ್ಲಿ ನಿಂತವರಿಗೆ ಗಾಳಿಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಹೆಗಲ ಮೇಲಿನ ಟವೆಲ್ ನಿಲ್ಲುವುದಿಲ್ಲ. ಶಾಂತಿಸಾಗರ ಎಂದೂ ಕರೆಯುವ ಈ ಕೆರೆ ತುಂಬಿದಾಗ ನೀರು ಹರಡುವುದು ಸುಮಾರು 6,500 ಎಕರೆಗೆ. ಕೂಡಲಿಯಲ್ಲಿ ಒಂದಾದ ತುಂಗೆ-ಭದ್ರೆ ನ್ಯಾಮತಿ, ಹೊನ್ನಾಳಿ ಸೀಮೆ ಹಾದು ಹರಿಹರಕ್ಕೆ ಹೋಗುತ್ತವೆ. ಬರದ ಹೆಸರು ಅಂಟಿಸಿಕೊಂಡಿದ್ದ ಜಗಳೂರಿನ ಕೆರೆಗಳಿಗೂ ಅದೇ ಹೊಳೆಯ ನೀರು ಎತ್ತಿ ಹರಿಸುವ ಯೋಜನೆ ಬಂದಿದೆ. ನೀರೂ ಇದೆ, ಗಾಳಿಯೂ ಇದೆ. ಆದರೆ ಇಲ್ಲಿನ ದೋಣಿವಿದ್ಯೆ ಹುಟ್ಟು ಮತ್ತು ಜಲ್ಲೆಯದು, ಹಾಯಿಯದಲ್ಲ.

ಇಬ್ಬರು ಮಲಗುವಷ್ಟು ಗೂಡಿರುವ, ನಾಲ್ಕು ದಿನ ನೀರಿನ ಮೇಲೆ ಕಳೆಯಬಹುದಾದ ಪುಟ್ಟ ಹಾಯಿದೋಣಿಯನ್ನು ನಾವೇ ಕಟ್ಟಿಕೊಳ್ಳಬಹುದೇ, ಅದರ ನಕ್ಷೆ ಪುಕ್ಕಟೆ ಸಿಗುತ್ತದೆಯೇ ಎಂದು ಕೇಳುವ ಹುಡುಗರು ಈಗ ಒಳನಾಡಿನ ಊರುಗಳಲ್ಲೂ ಇದ್ದಾರೆ. ಸಿಗುತ್ತದೆ, ಬೇಕಾದಷ್ಟು ಸಿಗುತ್ತದೆ. ಆದರೆ ಯಾವ ನಕ್ಷೆ ಯಾಕೆ ಪುಕ್ಕಟೆಯಾಯಿತು ಎಂಬುದು ಗೊತ್ತಿದ್ದರೆ ಮಾತ್ರ ಒಳ್ಳೆಯದನ್ನು ಆರಿಸಿಕೊಳ್ಳಬಹುದು.

ಮೊದಲು ನಮ್ಮ ಹೊಳೆಯ ಕಡೆ ನೋಡೋಣ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸ್, ಆನೆಗೊಂದಿಯ ಬಳಿ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ನದಿ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು-ಇಪ್ಪತ್ತು ಜನ ಹಿಡಿಸುತ್ತಾರೆ. ಹುಟ್ಟು ಹಾಕಿದರೆ ನೇರ ಹೋಗದೆ ಸುತ್ತುತ್ತಲೇ ಸಾಗುತ್ತದೆ. ಐನೂರು ವರ್ಷದ ಹಿಂದಿನ ಈ ವಿವರ ಇವತ್ತಿನ ತೆಪ್ಪಕ್ಕೂ ಹೆಚ್ಚುಕಡಿಮೆ ಒಪ್ಪುತ್ತದೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ, ಕೆಲವು ಕಡೆ ಇಡೀ ತೆಪ್ಪವೇ ಫೈಬರ್ ಆಗಿದೆ, ಆಕಾರ ಬದಲಾಗಿಲ್ಲ.

ಈ ತೆಪ್ಪ ಯುದ್ಧದ ಕಾಗದಪತ್ರಗಳಿಗೂ ಸೇರಿತು. ಚನ್ನಗಿರಿಯಲ್ಲೇ ಹುಟ್ಟಿದ ಧೋಂಡಿಯ ವಾಘ್ ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾಗಿ ಬ್ರಿಟಿಷರ ವಿರುದ್ಧ ದಂಡು ಕಟ್ಟಿದಾಗ, ಅವನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ 1800ರ ಮಳೆಗಾಲದಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಬೇಕಾಯಿತು. ಧೋಂಡಿಯ ಆ ವರ್ಷ ಸೆಪ್ಟೆಂಬರ್ 10ರಂದು ಹತನಾದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಈ ಸೇನಾಪತಿಯ ದಖನ್ ಪತ್ರಗಳಲ್ಲಿ ಬುಟ್ಟಿದೋಣಿಗಳ ಮಾತು ಮತ್ತೆ ಮತ್ತೆ ಬರುತ್ತದೆ. ತುಂಬಿದ ಹೊಳೆಯ ಮುಂದೆ ಫಿರಂಗಿ ಇದ್ದೂ ಪ್ರಯೋಜನವಿಲ್ಲ, ತೆಪ್ಪ ಬೇಕು ಎಂಬುದನ್ನು ಅವನು ಈ ಸೀಮೆಯ ಹೊಳೆಗಳಲ್ಲಿ ಕಲಿತ.

ತೆಪ್ಪ ಕಟ್ಟುವುದನ್ನು ಹತ್ತಿರದಿಂದ ನೋಡಿದರೆ ನಕ್ಷೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಸೀಳಿದ ಬಿದಿರಿನ ಪಟ್ಟಿಗಳನ್ನು ನೆಲದ ಮೇಲೆ ಅಡ್ಡಡ್ಡ ಹರಡಿ ನಡುವೆ ಹೆಣೆಯುತ್ತಾರೆ. ತಳ ಎದ್ದು ಬಾರದಂತೆ ಮಧ್ಯೆ ಕಲ್ಲು ಹೇರುತ್ತಾರೆ. ಆಮೇಲೆ ಸುತ್ತಲಿನ ತುದಿಗಳನ್ನು ಬಾಗಿಸಿ ಮೇಲೆತ್ತಿ ಗೋಡೆ ಹೆಣೆದು, ಅಂಚಿಗೆ ದಪ್ಪ ಬಿದಿರಿನ ಬಳೆ ಕಟ್ಟುತ್ತಾರೆ. ಅಳತೆ ಕೈಮೊಳದ್ದು, ಗೇಣಿನದ್ದು. ಪಟ್ಟಿ ಎಷ್ಟು ದಪ್ಪವಿದ್ದರೆ ಮುರಿಯದೆ ಬಾಗುತ್ತದೆ ಎಂಬುದು ಬೆರಳಿಗೆ ಗೊತ್ತು. ಕಾಗದವೇ ಇಲ್ಲ. ಹಾಗಾಗಿ ಈ ನಕ್ಷೆ ಪುಕ್ಕಟೆಯೂ ಹೌದು, ಅತಿ ದುಬಾರಿಯೂ ಹೌದು: ಪಕ್ಕದಲ್ಲಿ ಕೂತು ಕಲಿತವನಿಗೆ ಮಾತ್ರ ದಕ್ಕುತ್ತದೆ, ಅವನು ಕೈಬಿಟ್ಟ ದಿನ ಅಳಿಸಿಹೋಗುತ್ತದೆ.

ಕರಾವಳಿಯ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಗಂಗೊಳ್ಳಿ, ಭಟ್ಕಳ, ಹೊನ್ನಾವರಗಳ ಮೇಸ್ತ್ರಿಗಳು ಮಚವೆ, ಪತ್ತೆಮಾರಿಗಳನ್ನು ಕಣ್ಣಳತೆ ಮತ್ತು ಪರಂಪರೆಯ ಲೆಕ್ಕದ ಮೇಲೆ ಕಟ್ಟಿದರು. ಭೋಜರಾಜನ ಹೆಸರಿನಲ್ಲಿರುವ ಸಂಸ್ಕೃತದ ‘ಯುಕ್ತಿಕಲ್ಪತರು’ವಿನಲ್ಲಿ ಹಡಗುಗಳ ಜಾತಿ, ಉದ್ದ-ಅಗಲ-ಎತ್ತರಗಳ ಪ್ರಮಾಣ ಇದೆ; ಅತಿ ಚಿಕ್ಕದಾದ ‘ಕ್ಷುದ್ರ’ಕ್ಕೆ ಹದಿನಾರು ಮೊಳ ಉದ್ದ, ನಾಲ್ಕು ಮೊಳ ಅಗಲ. ಅದನ್ನು ಓದಿ ವರ್ಗೀಕರಣ ಮಾಡಬಹುದು, ದೋಣಿ ಕಟ್ಟಲು ಬರುವುದಿಲ್ಲ. ಹಲಗೆ ಎಲ್ಲಿ ಎಷ್ಟು ಬಾಗಬೇಕು ಎಂಬ ಮಾತೇ ಅಲ್ಲಿಲ್ಲ.

ನಕ್ಷೆ ಕಳೆದುಹೋದರೆ ಎಷ್ಟು ಕಷ್ಟ ಎಂಬುದಕ್ಕೆ ಇತ್ತೀಚಿನ ಸಾಕ್ಷಿ ಕಾರವಾರದಲ್ಲಿದೆ. 2025ರ ಮೇ 21ರಂದು ಅಲ್ಲಿನ ನೌಕಾನೆಲೆಯಲ್ಲಿ ‘ಐಎನ್‌ಎಸ್‌ವಿ ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಮೊಳೆ ಹೊಡೆಯದೆ, ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಡಗು. ಅದಕ್ಕೆ ಮುಖ್ಯ ಆಧಾರ ಅಜಂತಾ ಗುಹೆಯ ಐದನೇ ಶತಮಾನದ ಒಂದು ಚಿತ್ರ. ಚಿತ್ರದಿಂದ ಆಕಾರ ಊಹಿಸಿ, ಮದ್ರಾಸ್ ಐಐಟಿಯಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿ, ಕೇರಳದ ಹೊಲಿಗೆ ಕುಶಲಿಗಳ ಕೈಗೆ ಕೊಡಬೇಕಾಯಿತು. ಒಂದು ಹಾಳೆ ನಕ್ಷೆ ಉಳಿದಿದ್ದರೆ ಆ ಶ್ರಮದ ಬಹುಪಾಲು ಬೇಕಿರಲಿಲ್ಲ.

ಕಾಗದದ ನಕ್ಷೆ ಸಾಮಾನ್ಯ ಜನರ ಕೈಗೆ ಬಂದದ್ದು ಪುಸ್ತಕ, ಪತ್ರಿಕೆಗಳ ಮೂಲಕ. ಅಮೆರಿಕದ ಜೋಶುವಾ ಸ್ಲೋಕಮ್ ‘ಸ್ಪ್ರೇ’ ಎಂಬ ಹಳೆಯ ದೋಣಿಯನ್ನು ತಾನೇ ಹೊಸದಾಗಿ ಕಟ್ಟಿಕೊಂಡು 1895ರಿಂದ 1898ರವರೆಗೆ ಒಬ್ಬನೇ ಭೂಮಿ ಸುತ್ತಿ ಬಂದ. 1900ರಲ್ಲಿ ಬಂದ ಅವನ ಪುಸ್ತಕದ ಕೊನೆಗೆ ದೋಣಿಯ ರೇಖಾಚಿತ್ರಗಳೂ ಇದ್ದವು. ಅದೇ ಕಾಲಕ್ಕೆ ‘ದಿ ರಡರ್’ ಪತ್ರಿಕೆಯ ಸಂಪಾದಕ ಥಾಮಸ್ ಫ್ಲೆಮಿಂಗ್ ಡೇ, ಹವ್ಯಾಸಿಗಳೇ ಕಟ್ಟಬಹುದಾದ ‘ಸೀ ಬರ್ಡ್’ ಎಂಬ ದೋಣಿಯ ನಕ್ಷೆ ಪ್ರಕಟಿಸಿದ. ನಕ್ಷೆ ಕೊಟ್ಟು ಸುಮ್ಮನೆ ಕೂರಲಿಲ್ಲ. 1911ರಲ್ಲಿ ಆ ಸುಮಾರು 25 ಅಡಿಯ ದೋಣಿಯಲ್ಲೇ ಅಟ್ಲಾಂಟಿಕ್ ದಾಟಿ ರೋಮ್ ತಲುಪಿ ತೋರಿಸಿದ.

ಈ ನಕ್ಷೆಯ ಫಲವನ್ನು ನಾನು ಜಗಳೂರಿನವರಿಗೆ ವಿಶೇಷವಾಗಿ ಹೇಳಬಯಸುತ್ತೇನೆ. ಹ್ಯಾರಿ ಪಿಜನ್ ಹುಟ್ಟಿದ್ದು ಅಯೋವಾದ ಹೊಲಮನೆಯಲ್ಲಿ. ಸಮುದ್ರದಿಂದ ನೂರಾರು ಮೈಲು ದೂರದ ಸೀಮೆ. ನಡುವಯಸ್ಸಿನಲ್ಲಿ ಆತ ಸೀ ಬರ್ಡ್ ಮಾದರಿಯನ್ನು ದೊಡ್ಡದು ಮಾಡಿದ 34 ಅಡಿಯ ‘ಐಲ್ಯಾಂಡರ್’ ದೋಣಿಯನ್ನು ಲಾಸ್ ಏಂಜಲಿಸ್ ಬಂದರಿನ ದಂಡೆಯಲ್ಲಿ ತಾನೇ ಕಟ್ಟಿದ. ಒಂದೂವರೆ ವರ್ಷದ ದುಡಿಮೆ, ಸುಮಾರು ಸಾವಿರ ಡಾಲರ್ ಖರ್ಚು. 1921ರಿಂದ 1925ರವರೆಗೆ ಅದರಲ್ಲಿ ಒಬ್ಬನೇ ಜಗತ್ತು ಸುತ್ತಿದ. ಮುಂದೆ ಇನ್ನೊಮ್ಮೆಯೂ ಸುತ್ತಿದ. ಕಡಲಿನ ಮನೆತನದವನಲ್ಲ, ಹಡಗುಕಟ್ಟೆಯ ಕೆಲಸಗಾರನೂ ಅಲ್ಲ. ಪತ್ರಿಕೆಯ ನಕ್ಷೆ ಮತ್ತು ಛಲ, ಇವೆರಡೇ ಅವನ ಬಂಡವಾಳ. ಒಳನಾಡಿನವರಿಗೆ ದೋಣಿ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಈ ರೈತನ ಮಗ.

ಎರಡನೇ ಮಹಾಯುದ್ಧದ ನಂತರ ಪ್ಲೈವುಡ್ ಎಲ್ಲವನ್ನೂ ಬದಲಿಸಿತು. ಮರದ ಹಲಗೆ ಆರಿಸಿ, ಒಣಗಿಸಿ, ಆವಿಯಲ್ಲಿ ಬೇಯಿಸಿ ಬಾಗಿಸುವ ಕೆಲಸ ತಪ್ಪಿತು. 1947ರಲ್ಲಿ ಫ್ಲಾರಿಡಾದ ಕ್ಲಾರ್ಕ್ ಮಿಲ್ಸ್, 8ಕ್ಕೆ 4 ಅಡಿಯ ಎರಡೇ ಹಾಳೆ ಪ್ಲೈವುಡ್‌ನಿಂದ ಮಕ್ಕಳ ದೋಣಿಯೊಂದನ್ನು ರೂಪಿಸಿ ನಕ್ಷೆಯನ್ನು ಊರಿನ ಆಪ್ಟಿಮಿಸ್ಟ್ ಕ್ಲಬ್ಬಿಗೆ ದಾನ ಕೊಟ್ಟ. ಆಪ್ಟಿಮಿಸ್ಟ್ ಎಂದೇ ಹೆಸರಾದ ಆ ದೋಣಿಯಲ್ಲಿ ಇಂದು ಜಗತ್ತಿನೆಲ್ಲೆಡೆ, ನಮ್ಮ ದೇಶದಲ್ಲೂ, ಮಕ್ಕಳು ಹಾಯಿ ಕಲಿಯುತ್ತಾರೆ. 1962ರಲ್ಲಿ ಇಂಗ್ಲೆಂಡಿನ ‘ಡೈಲಿ ಮಿರರ್’ ಪತ್ರಿಕೆಯ ಬೆಂಬಲದಿಂದ ಬಂದ ಮಿರರ್ ದೋಣಿ ಇನ್ನೊಂದು ವಿದ್ಯೆಯನ್ನು ಮನೆಮನೆಗೆ ಒಯ್ದಿತು: ಪ್ಲೈವುಡ್ ಫಲಕಗಳ ಅಂಚಿಗೆ ತೂತು ಕೊರೆದು ತಾಮ್ರದ ತಂತಿಯಿಂದ ಹೊಲಿಯುವುದು, ಸಂದಿಗೆ ಗಾಜಿನ ನಾರಿನ ಪಟ್ಟಿ ಮತ್ತು ಅಂಟುರಾಳ ಹಚ್ಚುವುದು. ಕಾರವಾರದ ಹಡಗಿನ ಹೊಲಿಗೆಯ ತತ್ವವೇ ಇಲ್ಲಿ ಹೊಸ ಸಾಮಗ್ರಿಯಲ್ಲಿ ಬಂತು.

ಇದೇ ದಶಕಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬಡ ದೇಶಗಳ ಮೀನುಗಾರರಿಗಾಗಿ ನೌಕಾ ವಿನ್ಯಾಸಕಾರರನ್ನು ಕಳಿಸಿತು. ಅವರು ಭಾರತದ ಕರಾವಳಿಯಲ್ಲೂ ದುಡಿದರು. ಅದರ ಫಲವಾಗಿ 1970ರ ದಶಕದಿಂದ ಸಪಾಟು ತಳದ ಮತ್ತು ‘ವಿ’ ತಳದ ದೋಣಿಗಳ ನಕ್ಷೆಯ ಪುಸ್ತಕಗಳು ಬಂದವು. ‘ವಿ’ ತಳದ ಪುಸ್ತಕವನ್ನು ಓವಿಂಡ್ ಗುಲ್‌ಬ್ರಾಂಡ್ಸೆನ್ 2004ರಲ್ಲಿ ಪರಿಷ್ಕರಿಸಿದರು. ಪೂರ್ಣ ಅಳತೆ, ಮರದ ದಪ್ಪ, ಮೊಳೆಯ ಪಟ್ಟಿ ಎಲ್ಲ ಇರುವ ಇವು ಇಂದಿಗೂ ಉಚಿತ. ನನ್ನ ಮಟ್ಟಿಗೆ ಪುಕ್ಕಟೆ ನಕ್ಷೆಗಳಲ್ಲೆಲ್ಲ ಅತ್ಯಂತ ಪ್ರಾಮಾಣಿಕವಾದವು ಇವೇ, ಯಾಕೆಂದರೆ ಹಳ್ಳಿಯ ಬಡಗಿಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಿದ್ದಾರೆ. ಮೀನು ತುಂಬುವ ಜಾಗದಲ್ಲಿ ಮಲಗುವ ಗೂಡು ಮಾಡಿಕೊಳ್ಳಬಹುದು, ಆದರೆ ಭಾರ ಎಲ್ಲಿ ಕೂರುತ್ತದೆ ಎಂಬುದನ್ನು ಬಲ್ಲವರಿಂದ ಲೆಕ್ಕ ಹಾಕಿಸಿಕೊಂಡೇ ಮಾಡಬೇಕು. ಇನ್ನು 2003ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಪಡಲ್ ಡಕ್’ ಎಂಬ 8 ಅಡಿಯ ಪೆಟ್ಟಿಗೆ ದೋಣಿಯ ನಕ್ಷೆಯನ್ನು ಮೊದಲ ದಿನದಿಂದಲೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ.

ಹೀಗೆ ಪುಕ್ಕಟೆ ಎಂಬುದಕ್ಕೆ ಮೂರು ದಾರಿಗಳಾದವು: ಹಕ್ಕುಸ್ವಾಮ್ಯ ಮುಗಿದ ಹಳೆಯವು, ಸಾರ್ವಜನಿಕ ಸಂಸ್ಥೆ ಕೊಟ್ಟವು, ವಿನ್ಯಾಸಕಾರನೇ ಮನಸಾರೆ ಹಂಚಿದವು. ನಾಲ್ಕನೆಯದೊಂದಿದೆ, ಅದರಿಂದ ದೂರ ಇರಬೇಕು. ಬದುಕಿರುವ ವಿನ್ಯಾಸಕಾರರು ಮಾರಿ ಹೊಟ್ಟೆ ಹೊರೆಯುವ ನಕ್ಷೆಗಳನ್ನು ಕದ್ದು, ಸಾವಿರಗಟ್ಟಲೆ ಕಟ್ಟಿ ಅಗ್ಗಕ್ಕೋ ಪುಕ್ಕಟೆಗೋ ಹಂಚುವವರಿದ್ದಾರೆ. ಅದು ಕಳ್ಳತನ, ಅದರ ಮೇಲೆ ಹಾಳೆ ಬಿಟ್ಟುಹೋದ, ಅಳತೆ ಮಸುಕಾದ ಪ್ರತಿಗಳೇ ಹೆಚ್ಚು. ಹಾಗೆಯೇ ‘ಅಧ್ಯಯನ ನಕ್ಷೆ’ ಎಂದು ಉಚಿತವಾಗಿ ಕೊಡುವ ಎರಡು ಹಾಳೆ ನೋಡಿ ಆಸೆ ಹುಟ್ಟಿಸಿಕೊಳ್ಳಬಹುದು, ದೋಣಿ ಕಟ್ಟಲಾಗದು.

ಕಟ್ಟಬಹುದಾದ ನಕ್ಷೆಯ ಜೀವ ಇರುವುದು ಅಳತೆಕೋಷ್ಟಕದಲ್ಲಿ. ದೋಣಿಯನ್ನು ಉದ್ದಕ್ಕೆ ಹಲವು ಅಡ್ಡಕೊಯ್ತಗಳಾಗಿ ಭಾಗ ಮಾಡಿ, ಪ್ರತಿ ಕೊಯ್ತದಲ್ಲಿ ನಡುಗೆರೆಯಿಂದ ಅಗಲ ಎಷ್ಟು, ತಳಗೆರೆಯಿಂದ ಎತ್ತರ ಎಷ್ಟು ಎಂದು ಬರೆದಿರುತ್ತಾರೆ. ಹಳೆಯ ಅಮೆರಿಕನ್ ನಕ್ಷೆಗಳಲ್ಲಿ ‘2-3-5’ ಎಂದಿದ್ದರೆ ಎರಡು ಅಡಿ, ಮೂರು ಅಂಗುಲ, ಅಂಗುಲದ ಎಂಟರಲ್ಲಿ ಐದು ಭಾಗ. ಈ ಚುಕ್ಕಿಗಳನ್ನು ನೆಲದ ಮೇಲೆ ನಿಜ ಗಾತ್ರದಲ್ಲೇ ಗುರುತಿಸಿ, ಚುಕ್ಕಿಗೊಂದು ಮೊಳೆ ಹೊಡೆದು, ಗಂಟಿಲ್ಲದ ಉದ್ದನೆಯ ಮರದ ಪಟ್ಟಿಯನ್ನು ಮೊಳೆಗಳಿಗೆ ಒರಗಿಸಿ ಬಾಗಿಸಬೇಕು. ಎಲ್ಲೋ ಒಂದು ಕಡೆ ಪಟ್ಟಿ ಉಬ್ಬಿದರೆ ಅಲ್ಲಿನ ಅಂಕಿ ತಪ್ಪು. ಆ ಮೊಳೆ ಕಿತ್ತು ಪಟ್ಟಿಯನ್ನು ಅದರ ಪಾಡಿಗೆ ಬಿಟ್ಟರೆ ಸರಿಯಾದ ಗೆರೆ ಅದೇ ತೋರಿಸುತ್ತದೆ. ಇದಕ್ಕೆ ದೊಡ್ಡ ಸಪಾಟು ನೆಲ ಬೇಕು. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳಗಳಿವೆ. ಕೊಯ್ಲು ಮುಗಿದ ಮೇಲೆ ಖಾಲಿ ಬಿದ್ದಿರುವ ಅಂಥ ಅಂಗಳದಲ್ಲಿ ಪ್ಲೈವುಡ್ ಹಾಸಿಕೊಂಡರೆ 20 ಅಡಿಯ ದೋಣಿಯನ್ನು ಧಾರಾಳವಾಗಿ ಬಿಡಿಸಬಹುದು.

ಸಾಮಗ್ರಿಗೂ ಪರದಾಡಬೇಕಿಲ್ಲ. ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ದಾವಣಗೆರೆಯಲ್ಲೇ ಕೊಳ್ಳಬಹುದು. ಆದರೆ ಗುರುತನ್ನು ನಂಬಿ ಸುಮ್ಮನಾಗಬಾರದು: ಒಂದು ತುಂಡನ್ನು ನೀರಿನಲ್ಲಿ ಕುದಿಸಿ, ಒಣಗಿಸಿ, ಮತ್ತೆ ಕುದಿಸಿ, ಪದರ ಬಿಡುವುದೋ ನೋಡಬೇಕು. ಚೌಕಟ್ಟಿಗೆ ತೇಗ ಅಥವಾ ಹೆಬ್ಬಲಸು. ಜಗಳೂರಿನ ಒಣ ಹವೆ ಮರ ಹದವಾಗಲು ಮಲೆನಾಡಿಗಿಂತ ಒಳ್ಳೆಯದು.

ಯಾವ ದೋಣಿ? ಸೂಳೆಕೆರೆಗೆ ಆಳ ಬೇಡದ, ಎತ್ತಿಳಿಸುವ ನಡುಹಲಗೆಯ, ಸಪಾಟು ತಳದ 14-16 ಅಡಿಯದು ಸಾಕು. ಹಾಯಿಯ ವಿಸ್ತಾರ ಕಡಿಮೆ ಮಾಡುವ ಏರ್ಪಾಡು ಇರಲೇಬೇಕು, ಆಷಾಢದ ಗಾಳಿ ಪೂರ್ತಿ ಹಾಯಿಯನ್ನು ಬಿಡುವುದಿಲ್ಲ. ಬೇಸಿಗೆಯಲ್ಲಿ ಬಂಡೆ ತೋರುವ, ಮಳೆಗಾಲದಲ್ಲಿ ಸೆಳೆಯುವ ಹೊನ್ನಾಳಿಯ ಹೊಳೆ ಹಾಯಿ ಕಲಿಯುವ ಜಾಗವಲ್ಲ. ಅಲ್ಲಿ ತೆಪ್ಪದವರ ಮಾತು ಕೇಳಬೇಕು. ಟ್ರೇಲರ್ ಮೇಲೆ ಘಟ್ಟ ಇಳಿಸಿ ಗಂಗೊಳ್ಳಿಗೋ ಮಲ್ಪೆಗೋ ಒಯ್ಯುವ ಆಸೆ ಇದ್ದರೆ ಮಳೆಗಾಲ ಪೂರ್ತಿ ಮುಗಿದ ಮೇಲೆಯೇ ಒಯ್ಯಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧ. ಅಂಥ ಕಡಲಿಗೆ ಪುಟ್ಟ ದೋಣಿ ಇಳಿಸುವ ಮಾತೇ ಇಲ್ಲ. ಎಲ್ಲೇ ಆಗಲಿ, ಸಂಬಂಧಪಟ್ಟ ಇಲಾಖೆಯ ಅನುಮತಿ ಮತ್ತು ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇಲ್ಲದೆ ನೀರಿಗಿಳಿಯಬಾರದು. ಮೊದಲು ಎರಡು ಹಾಳೆ ಪ್ಲೈವುಡ್‌ನ ಪುಟ್ಟ ದೋಣಿ ಕಟ್ಟಿ, ಅದರಲ್ಲಿ ಹಾಯಿ ಕಲಿತು, ಆಮೇಲೆ ಗೂಡಿನ ದೋಣಿಗೆ ಕೈಹಾಕುವುದು ಸರಿಯಾದ ಕ್ರಮ.

ಪಡೆದುಕೊಂಡದ್ದಕ್ಕೆ ಪ್ರತಿಯಾಗಿ ನಮ್ಮ ಸೀಮೆಯಿಂದ ಹೊರಗಿನವರಿಗೆ ಕೊಡಬಹುದಾದ ನಕ್ಷೆಯೂ ಒಂದಿದೆ: ತುಂಗಭದ್ರೆಯ ತೆಪ್ಪ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ನಾಲ್ವರು ವಿದ್ಯಾರ್ಥಿಗಳು ಹೊನ್ನಾಳಿಯಲ್ಲೋ ಸೂಳೆಕೆರೆಯ ದಡದಲ್ಲೋ ತೆಪ್ಪ ಹೆಣೆಯುವವರ ಜೊತೆ ಕೂತರೆ ಸಾಕು. ಬಾಯಿಯ ವ್ಯಾಸ, ತಳದ ವ್ಯಾಸ, ಆಳ. ಪಟ್ಟಿಯ ಅಗಲ ಮತ್ತು ದಪ್ಪ. ತಳದ ಹೆಣಿಗೆಯಲ್ಲಿ ಪಟ್ಟಿಗಳ ನಡುವಿನ ಅಂತರ. ಅಂಚಿನ ಬಳೆಗೆ ಎಷ್ಟು ಎಳೆ. ಬಿದಿರು ಕಡಿದ ತಿಂಗಳು, ನೆನೆಹಾಕಿದ ದಿನ. ಎಷ್ಟು ಜನ ಹತ್ತಿದರೆ ನೀರು ಎಲ್ಲಿಯವರೆಗೆ ಏರುತ್ತದೆ. ಇಷ್ಟನ್ನು ಅಳೆದು, ಹೆಣೆದವರ ಒಪ್ಪಿಗೆ ಪಡೆದು, ಅವರ ಹೆಸರನ್ನು ಹಾಳೆಯ ಮೇಲ್ಗಡೆ ಬರೆದು, ಕನ್ನಡದಲ್ಲಿ ಪುಕ್ಕಟೆ ಪ್ರಕಟಿಸಬೇಕು.