ಔಷಧದಾನದ ಪರಂಪರೆ ಮತ್ತು ಮಧುಮೇಹಿಯ ಕಣ್ಣು

ಶಿಗ್ಗಾಂವಿ ತಾಲೂಕಿನ ಬಂಕಾಪುರವು ಜೈನರಿಗೆ ಚಿರಸ್ಮರಣೀಯವಾದ ಸ್ಥಳ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸೇನಾನಿ ಬಂಕೇಯನ ಹೆಸರನ್ನು ಹೊತ್ತ ಈ ಪಟ್ಟಣದಲ್ಲಿ ಕ್ರಿ.ಶ. 898ರಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು. ಅದೇ ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯಾಚಾರ್ಯರು, ಔಷಧದ ನೆಪದಲ್ಲಿಯೂ ಮಾಂಸಸೇವನೆ ಸಲ್ಲದೆಂದು ವೈದ್ಯರೆದುರು ವಾದಿಸಿದರು. ಆ ವಾದವೇ ಅವರ ‘ಕಲ್ಯಾಣಕಾರಕ’ದ ಹಿತಾಹಿತಾಧ್ಯಾಯ.

ಆಯುರ್ವೇದದ ಎಂಟು ಅಂಗಗಳನ್ನೂ ಅನುಸರಿಸುವ ಈ ಸಂಸ್ಕೃತ ಗ್ರಂಥವು ಮದ್ಯ, ಮಾಂಸ, ಮಧು ಮೂರನ್ನೂ ವರ್ಜಿಸಿದೆ. ಇದು ಸಣ್ಣ ತ್ಯಾಗವಲ್ಲ. ಕಣ್ಣಿಗೆ ತ್ರಿಫಲೆಯನ್ನು ಜೇನಿನೊಡನೆ ಕೊಡುವುದು ವೈದ್ಯರ ರೂಢಿಯಾಗಿತ್ತು. ಜೇನನ್ನೇ ಬಿಟ್ಟ ವೈದ್ಯನು ಅನುಪಾನವನ್ನು ಬೇರೆಡೆ ಹುಡುಕಬೇಕಾಗಿತ್ತು. ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಿಸಿದಾಗಲೂ ಈ ವ್ರತವನ್ನು ಕೈಬಿಡಲಿಲ್ಲ.

ಮಧುಮೇಹದಿಂದ ಕಣ್ಣು ಕೆಡದಂತೆ ಕಾಯುವ ಸಸ್ಯೌಷಧವನ್ನು ಪ್ರಾಚೀನರು ಹೇಳಿಯೇ ಇದ್ದಾರೆಂಬ ಮಾತು ಅಭಿಮಾನದಿಂದ ಕೇಳಿಬರುತ್ತದೆ. ಅಭಿಮಾನ ಸಹಜ, ಮಾತು ಮಾತ್ರ ನಿಲ್ಲದು. ಸುಶ್ರುತಸಂಹಿತೆಯಲ್ಲಿ ಪ್ರಮೇಹವೂ ನೇತ್ರರೋಗವೂ ಬೇರೆ ಬೇರೆ ಪ್ರಕರಣಗಳು. ಜೀವಂತ ಕಣ್ಣಿನೊಳಗಿನ ಅಕ್ಷಿಪಟಲವನ್ನು ನೋಡುವ ಉಪಕರಣ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿಯಿಂದ ಬಂದದ್ದು 1851ರಲ್ಲಿ. ಮಧುಮೇಹಿಯ ಅಕ್ಷಿಪಟಲದ ವಿಕಾರವನ್ನು ವಿಯೆನ್ನಾದ ಯೇಗರ್ ಗುರುತಿಸಿದ್ದು ಅದರ ಮೇಲೆ. ಕಾಣದ ಅಂಗದ ರೋಗಕ್ಕೆ ಆಚಾರ್ಯರು ಮದ್ದು ಹೇಳಿದರೆನ್ನುವುದು ಅವರಿಗೆ ಗೌರವವಲ್ಲ.

ಹಾಗೆಂದು ಹಾನಗಲ್ಲ, ಸವಣೂರು, ಹಿರೇಕೆರೂರು ಸೀಮೆಯ ಮನೆಮನೆಗೆ ಪರಿಚಿತವಾದ ಮೆಂತ್ಯ, ಹಾಗಲ, ನೆಲ್ಲಿಗಳು ನಿರರ್ಥಕವೆಂದಲ್ಲ. ಹೊನ್ನೆಮರದ ಕಷಾಯವು ರಕ್ತದ ಸಕ್ಕರೆಯನ್ನು ತಗ್ಗಿಸಬಲ್ಲುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 1998ರಲ್ಲಿ ವರದಿ ಮಾಡಿತು. ಆದರೆ ಸಕ್ಕರೆ ತುಸು ತಗ್ಗುವುದು ಬೇರೆ, ಕಣ್ಣು ಉಳಿಯುವುದು ಬೇರೆ. ಎರಡನೆಯದನ್ನು ಯಾವ ಮೂಲಿಕೆಯೂ ಇನ್ನೂ ಸಿದ್ಧಪಡಿಸಿಲ್ಲ. ಮೂಲಿಕೆಯನ್ನು ನಂಬಿ ವೈದ್ಯರ ಔಷಧವನ್ನು ನಿಲ್ಲಿಸುವುದು ಅಪಾಯ. ಇನ್ಸುಲಿನ್ನಿನಿಂದ ಬಿಗಿಯಾಗಿ ಸಕ್ಕರೆ ನಿಯಂತ್ರಿಸಿದವರಲ್ಲಿ ಅಕ್ಷಿಪಟಲದ ರೋಗ ಹೊಸದಾಗಿ ತಲೆದೋರುವ ಸಂಭವ ಶೇಕಡಾ 76ರಷ್ಟು ಕಡಿಮೆಯಾದುದನ್ನು 1993ರ ಅಮೆರಿಕದ ಅಧ್ಯಯನ ತೋರಿಸಿತು. ಅದು ಒಂದನೆಯ ವಿಧದ ಮಧುಮೇಹಿಗಳ ಅಧ್ಯಯನ.

ಇಲ್ಲಿಯೇ ಜೈನ ಗೃಹಸ್ಥನ ಧರ್ಮಸಂಕಟವಿತ್ತು. 1922ರಿಂದ ದಶಕಗಳ ಕಾಲ ಇನ್ಸುಲಿನ್ ದೊರೆಯುತ್ತಿದ್ದುದು ದನ ಮತ್ತು ಹಂದಿಗಳ ಮೇದೋಜೀರಕಾಂಗದಿಂದ. ಅದನ್ನು ಕಂಡು ಹಿಂಜರಿದವರನ್ನು ಮೂಢರೆನ್ನಲಾಗದು; ಉಗ್ರಾದಿತ್ಯರ ಆಕ್ಷೇಪವೂ ಅದೇ ಜಾತಿಯದು. 1982ರಿಂದ ಬ್ಯಾಕ್ಟೀರಿಯಾಗಳ ಮೂಲಕ ಮಾನವ ಇನ್ಸುಲಿನ್ ತಯಾರಾಗಿ ಮಾರುಕಟ್ಟೆಗೆ ಬಂದಿತು. ಇದಕ್ಕೆ ಪಶುವಧೆ ಬೇಕಿಲ್ಲ. ಸೂಕ್ಷ್ಮಜೀವಿಗಳ ಪ್ರಶ್ನೆ ಉಳಿಯುತ್ತದೆ, ನಿಜ. ಆದರೆ ಏಕೇಂದ್ರಿಯ ಜೀವಿಗಳ ಹಿಂಸೆಯನ್ನು ಸಂಪೂರ್ಣ ತೊರೆಯುವುದು ಮಹಾವ್ರತಿಗಳ ಹಾದಿ, ಅಣುವ್ರತಿಯಾದ ಶ್ರಾವಕನದಲ್ಲ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಮೂರನೆಯದನ್ನು ನಡೆಸಬಯಸುವ ಬಸದಿಗಳು ಚೂರ್ಣ ಹಂಚುವುದರ ಜೊತೆಗೆ ನೇತ್ರಪರೀಕ್ಷೆಗೂ ಹಣ ತೆಗೆದಿಡಬಹುದು. ಈ ರೋಗ ಆರಂಭದಲ್ಲಿ ನೋಯುವುದಿಲ್ಲ, ದೃಷ್ಟಿಯನ್ನೂ ಮಸುಕುಗೊಳಿಸುವುದಿಲ್ಲ. ಆದುದರಿಂದಲೇ ಎರಡನೆಯ ವಿಧದ ಮಧುಮೇಹ ಪತ್ತೆಯಾದೊಡನೆ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ಪರೀಕ್ಷಿಸಬೇಕೆಂದು ವೈದ್ಯರು ಹೇಳುತ್ತಾರೆ.