ಸಂಕಮ್ಮನ ಹಾಡಿಗೆ ಕಾಮೆಂಟ್ ಹಾಕೋ ಮುಂಚೆ

ಹೊಸ ಹಾಡು ಬಂದ ಹತ್ತು ನಿಮಿಷಕ್ಕೇ ‘ಬೆಂಕಿ ಗುರು’ ಅಂತಲೋ ‘ಹಳೇದೇ ಚೆನ್ನಾಗಿತ್ತು’ ಅಂತಲೋ ಕಾಮೆಂಟ್ ಹಾಕೋ ಗುಂಪು ನಮ್ಮದು. ನಾನೂ ಆ ಗುಂಪಿಗೇ ಸೇರಿದ್ದು. ನನ್ನೂರು ಗುಂಡ್ಲುಪೇಟೆ. ಬಂಡೀಪುರದ ಕಾಡು ದಾಟಿದರೆ ಒಂದು ಕಡೆ ವಯನಾಡು, ಇನ್ನೊಂದು ಕಡೆ ನೀಲಗಿರಿ. ಹಾಗಾಗಿ ನಮ್ಮ ಟೀ ಅಂಗಡಿಗಳಲ್ಲಿ ಕನ್ನಡ, ತಮಿಳು, ಮಲಯಾಳಂ ಮೂರೂ ಭಾಷೆಯ ಹೊಸ ಹಾಡುಗಳ ಮೇಲೆ ತೀರ್ಪು ನಡೆಯುತ್ತೆ. ‘ಹೆಂಗದ ಹಾಡು?’ ಅಂದ್ರೆ ಸಾಕು, ಒಬ್ಬರು ‘ಚೆನ್ನಾಗದ ಕನ’ ಅಂತಾರೆ, ಪಕ್ಕದಲ್ಲಿರೋರು ಒಪ್ಪಲ್ಲ.

ಇವತ್ತು ಒಂದು ಹಾಡಿನ ಚರಿತ್ರೆ ಹೇಳ್ತೀನಿ. ಅದರ ಹೊಸ ರೂಪಕ್ಕೆ ಬಂದ ಅಭಿಪ್ರಾಯ ಎಷ್ಟು ಜೋರಾಗಿತ್ತು ಅಂದ್ರೆ, ಹಾಡೇ ಯೂಟ್ಯೂಬಿನಿಂದ ಇಳಿದು ಹೋಯ್ತು.

2020ರ ಆಗಸ್ಟ್. ಕೊರೊನಾ ಕಾಲ, ಥಿಯೇಟರ್ ಮುಚ್ಚಿವೆ, ಎಲ್ಲರ ಕೈಲೂ ಫೋನು. ಗಣೇಶ ಹಬ್ಬದ ಹೊತ್ತಿಗೆ ರ‍್ಯಾಪರ್ ಚಂದನ್ ಶೆಟ್ಟಿ ‘ಕೋಲುಮಂಡೆ’ ಅನ್ನೋ ಮ್ಯೂಸಿಕ್ ವಿಡಿಯೊ ಬಿಟ್ಟರು. ಬಿಗ್ ಬಾಸ್ ಕನ್ನಡ ಐದನೇ ಸೀಸನ್ ಗೆದ್ದವರು, ‘3 ಪೆಗ್’ ಹಾಡಿನವರು, ನಿಮಗೆ ಪರಿಚಯ ಬೇಡ. ಬಿಡುಗಡೆ ಮಾಡಿದ್ದು ಆನಂದ್ ಆಡಿಯೊ. ಮಲೆ ಮಾದೇಶ್ವರನ ಕತೆಗೆ ಸೇರಿದ ಜನಪದ ಹಾಡನ್ನು ಹೊಸ ಬೀಟ್‌ಗೆ, ಡ್ಯಾನ್ಸ್‌ಗೆ ಕೂರಿಸಿದ್ದರು. ಬಂದ ಕೂಡಲೇ ಗಲಾಟೆ. ಶರಣೆ ಸಂಕಮ್ಮನನ್ನು ಅಶ್ಲೀಲವಾಗಿ ತೋರಿಸಿದ್ದಾರೆ ಅಂತ ಮಾದಪ್ಪನ ಭಕ್ತರು ತಿರುಗಿಬಿದ್ದರು. ಚಂದನ್ ಶೆಟ್ಟಿ ಕ್ಷಮೆ ಕೇಳಿದರು. ವಿಡಿಯೊ ತೆಗೆದು ಹಾಕಿದರು.

ಸುದ್ದಿ ಅಷ್ಟಕ್ಕೆ ಮುಗೀತು. ಆದ್ರೆ ಈ ಸಂಕಮ್ಮ ಯಾರು ಅಂತ ಆಗ ಎಷ್ಟು ಜನ ಕೇಳಿದರು?

ಮಲೆ ಮಾದೇಶ್ವರ ಬೆಟ್ಟ ಇರೋದು ಚಾಮರಾಜನಗರ ಜಿಲ್ಲೆಯಲ್ಲಿ, ಈಗಿನ ಹನೂರು ತಾಲ್ಲೂಕಿನಲ್ಲಿ. ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಇದೆಲ್ಲ ಮೈಸೂರು ಜಿಲ್ಲೆ. ಇನ್ನೂ ಹಿಂದೆ ಹೋದ್ರೆ, 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಸೀಮೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮ್ಯಾಪ್ ಮೇಲಿನ ಗೆರೆ ಎಷ್ಟು ಸಲ ಬದಲಾದರೂ ಹಾಡು ಮಾತ್ರ ಕನ್ನಡದಲ್ಲೇ ಇತ್ತು. ಶಿವರಾತ್ರಿ, ಯುಗಾದಿ, ದೀಪಾವಳಿ ಬಂತಂದ್ರೆ ತಾಳುಬೆಟ್ಟದಿಂದ ‘ಉಘೇ ಮಾದಪ್ಪ’ ಅಂತ ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತೋ ಜನರನ್ನ ನೀವೂ ನೋಡಿರ್ತೀರಿ.

ಆ ಹಾಡನ್ನ ಹೊತ್ತು ತಂದೋರು ದೇವರಗುಡ್ಡರು. ಕೈಯಲ್ಲಿ ಕಂಸಾಳೆ, ಅಂದ್ರೆ ಕಂಚಿನ ತಾಳ. ಅವರು ಹಾಡೋದು ಬಿಡಿ ಬಿಡಿ ಹಾಡಲ್ಲ, ದೊಡ್ಡ ಕಾವ್ಯ. ಅದರ ಒಂದೊಂದು ಭಾಗಕ್ಕೂ ‘ಸಾಲು’ ಅಂತ ಹೆಸರು. ಜುಂಜೇಗೌಡನ ಸಾಲು, ಶ್ರವಣದೊರೆ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ಅವುಗಳಲ್ಲೊಂದು ಸಂಕಮ್ಮನ ಸಾಲು.

ಕತೆ ಹೀಗಿದೆ. ಹಾಡುಗಾರರು ಬದಲಾದ್ರೆ ವಿವರ ಬದಲಾಗುತ್ತೆ, ಎಲುಬು ಇದೇ. ಸಂಕಮ್ಮ ಸೋಲಿಗರ ಹೆಣ್ಣು. ಗಂಡ ನೀಲೇಗೌಡ. ಮಕ್ಕಳಿಲ್ಲ. ಜೇನು ಕೀಳೋಕೆ ಗಂಡ ಕಾಡಿಗೆ ಹೊರಟಿದ್ದಾನೆ. ತಾನು ಇಲ್ಲದಾಗ ಹೆಂಡತಿ ಹೆಂಗಿರ್ತಾಳೋ ಅನ್ನೋ ಅನುಮಾನ. ಅದಕ್ಕೆ ‘ಬಲಗೈ ಮುಟ್ಟಿ ಭಾಷೆ ಕೊಡು’ ಅಂತ ಕೇಳ್ತಾನೆ. ಅವಳು ಕೊಡಲ್ಲ. ಅವನು ಹಿಂಸೆ ಕೊಡ್ತಾನೆ, ಕಾಡಿನಲ್ಲಿ ಒಂಟಿಯಾಗಿ ಕೂಡಿ ಹಾಕ್ತಾನೆ. ಆಗಲೂ ಕೊಡಲ್ಲ. ಆ ಸಂಕಟದ ಹೊತ್ತಲ್ಲಿ ಮಾದೇಶ್ವರ ಜಂಗಮನ ವೇಷದಲ್ಲಿ ಅವಳ ಮುಂದೆ ಬಂದು ನಿಲ್ತಾನೆ. ಅವಳಿಗೆ ಕಾರಯ್ಯ, ಬಿಲ್ಲಯ್ಯ ಅನ್ನೋ ಇಬ್ಬರು ಮಕ್ಕಳಾಗೋದು ಅವನ ವರದಿಂದ.

ಈಗ ಯೋಚನೆ ಮಾಡಿ. ನಂಬಿಕೆಯ ಹೆಸರಲ್ಲಿ ಗಂಡ ಬಲವಂತವಾಗಿ ಕೇಳಿದ ಮಾತನ್ನ ‘ಕೊಡಲ್ಲ’ ಅಂದ ಹೆಂಗಸಿನ ಕತೆ ಇದು. ಫೋನ್ ಪಾಸ್‌ವರ್ಡ್ ಕೊಡು, ಲೊಕೇಶನ್ ಆನ್ ಮಾಡಿಡು ಅನ್ನೋ ಕಾಲದಲ್ಲಿ ಇದಕ್ಕಿಂತ ಹೊಸ ವಿಷಯ ಯಾವ ಇಂಡಿ ಹಾಡಲ್ಲಿ ಇದೆ ಹೇಳಿ?

ನನ್ನ ವಾದ ಇಲ್ಲೇ ಶುರುವಾಗೋದು. 2020ರಲ್ಲಿ ಭಕ್ತರಿಗೆ ಬಂದ ಸಿಟ್ಟನ್ನ ನಾನು ತಳ್ಳಿ ಹಾಕಲ್ಲ. ಆದ್ರೆ ಜಗಳ ಪೂರ್ತಿ ‘ಅಶ್ಲೀಲ’ ಅನ್ನೋ ಒಂದು ಪದದ ಸುತ್ತ ತಿರುಗಿತು. ಸಂಕಮ್ಮನ ಮರ್ಯಾದೆ ಅಂದ್ರೆ ಅವಳ ವೇಷ, ಕುಣಿತ ಅಷ್ಟೇ ಅನ್ನೋ ಹಾಗಾಯ್ತು. ಕಾವ್ಯದಲ್ಲಿ ಅವಳ ಮರ್ಯಾದೆ ಇರೋದು ಅವಳ ಹಟದಲ್ಲಿ. ವಿಡಿಯೊ ಮಾಡಿದವರೂ ಅದನ್ನ ಕೈಬಿಟ್ಟರು, ವಿರೋಧಿಸಿದವರಲ್ಲೂ ಹೆಚ್ಚಿನವರು ಅದನ್ನ ಎತ್ತಲಿಲ್ಲ.

‘ಜನಪದ ಹಾಡನ್ನ ಮುಟ್ಟಲೇಬಾರದಾ ಹಾಗಾದ್ರೆ?’ ಅಂತ ಕೇಳೋರಿದ್ದೀರಿ. ಅದಕ್ಕೆ ಚರಿತ್ರೆಯೇ ಉತ್ತರ ಕೊಡುತ್ತೆ.

ನಮ್ಮ ಕಡೆ ‘ಕತೆ ಮಾಡಿಸೋದು’ ಅನ್ನೋ ಮಾತಿದೆ. ಹರಕೆ ಹೊತ್ತ ಮನೆಯವರು ಹಾಡುಗಾರರನ್ನ ಕರೆಸಿ ರಾತ್ರಿಯೆಲ್ಲ ಹಾಡಿಸ್ತಾರೆ. ಮಾದಪ್ಪನ ಕತೆಗೆ ದೇವರಗುಡ್ಡರು, ಮಂಟೇಸ್ವಾಮಿ ಕತೆಗೆ ತಂಬೂರಿ ಹಿಡಿದ ನೀಲಗಾರರು. ಮುಂದಿನ ಹಾಡುಗಾರ ಒಂದು ಮಾತು ಎತ್ತಿದ್ರೆ ಹಿಮ್ಮೇಳದವರು ಸೊಲ್ಲು ಹಿಡಿದು ಹಾಡ್ತಾರೆ. ಕೇಳೋರು ಎದುರಿಗೇ ಕೂತಿರ್ತಾರೆ. ನಿದ್ದೆ ಹತ್ತಿದ್ರೆ ಹಾಡುಗಾರನಿಗೆ ಗೊತ್ತಾಗುತ್ತೆ, ಕಣ್ಣಲ್ಲಿ ನೀರು ಬಂದ್ರೂ ಗೊತ್ತಾಗುತ್ತೆ. ಅದಕ್ಕೆ ತಕ್ಕ ಹಾಗೆ ಕತೆ ಹಿಗ್ಗುತ್ತೆ, ಕುಗ್ಗುತ್ತೆ. ಕಾಮೆಂಟ್ ಸೆಕ್ಷನ್ ಅನ್ನೋದು ನಮಗೆ ಹೊಸದಲ್ಲ. ಅದು ಜಗುಲಿ ಮೇಲೇ ಇತ್ತು, ಹಾಡು ನಡೀತಿರೋವಾಗಲೇ ಕೆಲಸ ಮಾಡ್ತಿತ್ತು.

ಹಾಗಾಗಿ ‘ಒರಿಜಿನಲ್’ ಅನ್ನೋ ಒಂದೇ ಪ್ರತಿ ಇಲ್ಲ. ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡ ಹಾಡಿದ ಮಾದೇಶ್ವರ ಕಾವ್ಯವನ್ನ ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅದನ್ನ ಇಂಗ್ಲಿಷಿಗೆ ತಂದರು, 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಅದಕ್ಕೂ ಮುಂಚೆ ಪಿ.ಕೆ. ರಾಜಶೇಖರ, ಜೀ.ಶಂ. ಪರಮಶಿವಯ್ಯ ಅವರಂಥ ವಿದ್ವಾಂಸರು ಬೇರೆ ಹಾಡುಗಾರರ ಬಾಯಿಂದ ಬರೆದುಕೊಂಡಿದ್ದರು. ಇವೆಲ್ಲ ಬೇರೆ ಬೇರೆ ಕಂಠಗಳ ಪ್ರತಿಗಳು. ಯಾವುದೂ ಕೊನೆಯದಲ್ಲ.

ಆಮೇಲೆ ಕ್ಯಾಸೆಟ್ ಬಂತು. ಮಳವಳ್ಳಿ ಮಹದೇವಸ್ವಾಮಿ ಅವರ ದನಿ ಜಾತ್ರೆಯ ಅಂಗಡಿಗಳಿಂದ ಹೊರಟು ಬಸ್ಸು, ಟೆಂಪೊ, ಹೋಟೆಲ್ಲುಗಳಿಗೆ ನುಗ್ಗಿತು. ರಾತ್ರಿಯೆಲ್ಲ ಹಾಡೋ ಕತೆ ಒಂದು ಗಂಟೆಯ ಕ್ಯಾಸೆಟ್ಟಿಗೆ ಇಳೀತು. ಕೇಳುಗ ಮೊದಲ ಸಲ ಹಾಡುಗಾರನ ಎದುರಿಂದ ಎದ್ದು ಹೋದ. ಸಾಕು ಅನ್ನಿಸಿದರೆ ಬಟನ್ ಒತ್ತಿದ್ರಾಯ್ತು, ಯಾರ ಮುಖವನ್ನೂ ನೋಡಬೇಕಿಲ್ಲ.

1996ರಲ್ಲಿ ‘ಜನುಮದ ಜೋಡಿ’. ಟಿ.ಎಸ್. ನಾಗಾಭರಣ ನಿರ್ದೇಶನ, ವಿ. ಮನೋಹರ್ ಸಂಗೀತ, ಶಿವರಾಜ್‌ಕುಮಾರ್ ನಾಯಕ. ಆ ಮನೆತನದ ಬೇರು ಇರೋದು ಗಾಜನೂರಿನಲ್ಲಿ, ಚಾಮರಾಜನಗರದಿಂದ ಗಡಿ ದಾಟಿದರೆ ಸಿಗೋ ತಾಳವಾಡಿ ಸೀಮೆ. ಈ ಸಿನಿಮಾದಲ್ಲಿ ‘ಕೋಲುಮಂಡೆ ಜಂಗಮದೇವರು’ ಹಾಡನ್ನ ಎಲ್.ಎನ್. ಶಾಸ್ತ್ರಿ ಹಾಡಿದರು. ಆ ಗಾಯನಕ್ಕೆ ರಾಜ್ಯ ಪ್ರಶಸ್ತಿ ಬಂತು. ಸ್ಟುಡಿಯೊದ ವಾದ್ಯ, ಸಿನಿಮಾದ ಅಬ್ಬರ ಎಲ್ಲ ಇತ್ತು. ಆದರೂ ಭಿಕ್ಷೆ ಕೇಳೋ ಜಂಗಮ ಜಂಗಮನಾಗೇ ಉಳಿದ. ನಮ್ಮ ಕಡೆಯವರು ‘ನಮ್ಮ ಹಾಡು ಪಿಚ್ಚರ್‌ಗೆ ಬಂತು’ ಅಂತ ಹೆಮ್ಮೆಪಟ್ಟರು. 2020ರಲ್ಲಿ ಸಿಟ್ಟಿಗೆದ್ದವರ ಕಿವಿಯಲ್ಲಿ ಇದ್ದದ್ದು ಹೆಚ್ಚಾಗಿ ಈ ಸಿನಿಮಾ ರೂಪವೇ ಅನ್ನೋದು ನನ್ನ ಅಂದಾಜು. ಅಂದ್ರೆ ಕಾಲು ಶತಮಾನದ ಹಿಂದಿನ ರೀಮಿಕ್ಸ್ ಅಷ್ಟು ಹೊತ್ತಿಗೆ ‘ಹಳೇದು’ ಆಗಿಬಿಟ್ಟಿತ್ತು.

ನಂತರ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸೋ ಕಾಲ. 2008ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂದು, ಕನ್ನಡದ ಹಳೆಯ ಪದಗಳನ್ನ ಗಿಟಾರ್ ಜೊತೆ ಬ್ಯಾಂಡ್ ಆಗಿ ಹಾಡಬಹುದು ಅಂತ ನಮ್ಮ ವಯಸ್ಸಿನವರಿಗೆ ತೋರಿಸಿತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯ್ತು. ಮಾದಪ್ಪನ ಹಾಡು, ರ‍್ಯಾಪ್, ಮಲಯಾಳಂ ಮೆಲೊಡಿ ಒಂದೇ ಪ್ಲೇಲಿಸ್ಟಿಗೆ ಬಂದವು.

ಇನ್ನೊಂದು ಉದಾಹರಣೆ ಇಲ್ಲದಿದ್ರೆ ಈ ಕತೆ ಅರ್ಧ. ‘ಸೋಜುಗದ ಸೂಜುಮಲ್ಲಿಗೆ’. ಇದೂ ಮಾದಪ್ಪನ ಹಾಡೇ. ಅನನ್ಯಾ ಭಟ್ ದನಿಯಲ್ಲಿ ಇಂಟರ್ನೆಟ್ ತುಂಬ ಓಡಾಡಿತು. 2021ರ ನವೆಂಬರ್‌ನಲ್ಲಿ ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ ಬಂತು. ಮಿಥುನ್ ಮುಕುಂದನ್ ಸಂಗೀತ, ಚೈತ್ರಾ ಆಚಾರ್ ಗಾಯನ. ಮಂಗಳೂರಿನ ಗ್ಯಾಂಗ್‌ಸ್ಟರ್ ಕತೆ, ತೆರೆ ತುಂಬ ಕತ್ತಿ, ನೆತ್ತರು. ಅಂಥ ಸಿನಿಮಾದೊಳಗೆ ನಮ್ಮ ಬೆಟ್ಟದ ಹಾಡು. ಕೋಲುಮಂಡೆಗೆ ಆದಂಥ ಗಲಾಟೆ ಇದಕ್ಕೆ ಆಗಲಿಲ್ಲ. ಬದಲಿಗೆ ಕನ್ನಡ ಬರದವರೂ ರೀಲ್ಸ್ ಮಾಡಿದರು.

ಯಾಕೆ ಹೀಗೆ? ಎರಡೂ ಹಾಡನ್ನ ಅದರ ಜಾಗದಿಂದ ಎತ್ತಿ ದೂರ ಕೊಂಡೊಯ್ದವು. ಬೀಟ್ ಬದಲಾದದ್ದು ತೊಂದರೆ ಆಗಿದ್ರೆ ಎರಡಕ್ಕೂ ಬೈಬೇಕಿತ್ತು. ನನಗೆ ಅನ್ನಿಸೋದು ಇಷ್ಟು. ಸೂಜುಮಲ್ಲಿಗೆಯಲ್ಲಿ ಹೂವು ಹಿಡಿದು ಮಾದಪ್ಪನನ್ನ ಕರೆಯೋ ದನಿ ಹಾಗೇ ಉಳಿದಿದೆ. ಸುತ್ತಲ ದೃಶ್ಯ ಏನೇ ಇರಲಿ, ಆ ದನಿ ಯಾರದು ಅಂತ ಗೊತ್ತಾಗುತ್ತೆ. ಕೋಲುಮಂಡೆ ವಿಡಿಯೊದಲ್ಲಿ ಸಂಕಮ್ಮ ಅನ್ನೋ ಹೆಸರಿದೆ, ಸಂಕಮ್ಮ ಇಲ್ಲ. ಕೇಳುಗರು ಹಾಡಿನ ತಾಳ ಬದಲಾದ್ರೆ ಸಹಿಸ್ತಾರೆ. ಹಾಡಿನೊಳಗಿರೋ ಮನುಷ್ಯರನ್ನ ಕಿತ್ತು ಹಾಕಿದ್ರೆ ಸಹಿಸಲ್ಲ.

ಇನ್ನು ವಿಡಿಯೊ ಡಿಲೀಟ್ ಆದದ್ದು ಸರಿನಾ? ನನಗೆ ಅದು ಸಮಾಧಾನ ಕೊಡಲಿಲ್ಲ. ಅಧಿಕೃತ ವಿಡಿಯೊ ಹೋದಾಗ ಅದರ ಕೆಳಗಿದ್ದ ಕಾಮೆಂಟೂ ಹೋದವು. ಯಾರು ಬೈದರು, ಯಾರು ಮೆಚ್ಚಿದರು, ಯಾವ ಹುಡುಗಿ ‘ಸಂಕಮ್ಮನ ಕತೆ ಇದಲ್ಲ’ ಅಂತ ಬಿಡಿಸಿ ಬರೆದಿದ್ದಳೋ, ಎಲ್ಲ ಅಳಿಸಿ ಹೋಯ್ತು. ಜಗುಲಿ ಮೇಲಾಗಿದ್ರೆ ಹಿರಿಯರು ‘ಅಯ್ಯೋ, ಅಲ್ಲ ಕನಪ್ಪ, ಹಿಂಗಲ್ಲ’ ಅಂತಿದ್ರು, ಹಾಡುಗಾರ ತಿದ್ದಿಕೊಂಡು ಮುಂದೆ ಹೋಗ್ತಿದ್ದ, ಕತೆ ಬೆಳಗಿನವರೆಗೂ ನಡೀತಿತ್ತು. ಇಲ್ಲಿ ಕ್ಷಮೆ ಕೇಳಿದ ಮೇಲೆ ಮಾತೇ ನಿಂತು ಹೋಯ್ತು. ಅದಾದ ಮೇಲೆ ಯಾವ ಪಾಪ್ ಹಾಡುಗಾರ ಸಂಕಮ್ಮನ ಹತ್ರ ಧೈರ್ಯವಾಗಿ ಹೋಗ್ತಾರೆ?

ದುಡ್ಡಿನ ಮಾತೂ ಇದೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಒಂದು ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತೆ. ಬರೆದವರು ಯಾರು ಅಂತ ಗೊತ್ತಿಲ್ಲದ ಪರಂಪರೆಯ ಹಾಡನ್ನ ಯಾರು ಬೇಕಾದ್ರೂ ಎತ್ತಿಕೊಂಡು ಹೊಸದಾಗಿ ಮುದ್ರಿಸಬಹುದು. ಆ ಹೊಸ ಮುದ್ರಣ ಕಂಪನಿಯ ಆಸ್ತಿ. ಸಾಹಿತ್ಯ ಅನ್ನೋ ಜಾಗದಲ್ಲಿ ‘ಜನಪದ’ ಅಂತ ಒಂದೇ ಪದ ಇರುತ್ತೆ. ಅದನ್ನ ತಲೆಮಾರುಗಟ್ಟಲೆ ಬಾಯಲ್ಲಿ ಉಳಿಸಿದ ದೇವರಗುಡ್ಡರ ಮನೆಗೆ ಅದರಿಂದ ಕಾನೂನಿನ ಪ್ರಕಾರ ಒಂದು ರೂಪಾಯಿಯೂ ಬರಬೇಕಾಗಿಲ್ಲ. ಅಶ್ಲೀಲ ಅಂತ ಕೂಗಿದ ಅಷ್ಟೇ ಜೋರಾಗಿ ಇದನ್ನೂ ಕೇಳಬಹುದಿತ್ತು.

ಹಾಗಾಗಿ ಮುಂದಿನ ಸಲ ಜನಪದದ ರೀಮಿಕ್ಸ್ ಬಂದಾಗ ಕಾಮೆಂಟ್ ಖಂಡಿತ ಹಾಕಿ. ಸುಮ್ಮನಿರಿ ಅಂತ ನಾನು ಹೇಳಲ್ಲ. ಹಾಡಿಗೆ ಎದುರು ಮಾತಾಡೋದು ನಮ್ಮ ಸೀಮೆಯ ಹಳೇ ಹಕ್ಕು. ಹಾಕೋ ಮುಂಚೆ ಎರಡು ವಿಷಯ ನೋಡಿ. ಹಾಡಿನಲ್ಲಿ ಮಾತಾಡ್ತಿರೋರು ಯಾರು, ಹೊಸ ರೂಪದಲ್ಲಿ ಅವರು ಇನ್ನೂ ಇದ್ದಾರಾ? ಎರಡನೇದು, ಇದನ್ನ ಯಾರಿಂದ ಕಲಿತರು ಅಂತ ವಿವರಣೆಯಲ್ಲಿ ಹೆಸರು ಹಾಕಿದ್ದಾರಾ? ಹಾಕದಿದ್ರೆ ಕೇಳಿ. ನಿಮಗೆ ಗೊತ್ತಿದ್ರೆ ನೀವೇ ಬರೀರಿ.

ಚಾಮರಾಜನಗರ, ಕೊಳ್ಳೇಗಾಲ, ಹನೂರು ಕಡೆ ನೆಂಟರಿದ್ರೆ ಅವರ ಊರಲ್ಲಿ ಕತೆ ಮಾಡಿಸೋದು ಯಾವಾಗ ಅಂತ ವಿಚಾರಿಸಿ. ಹೋಗಿ ಒಂದು ರಾತ್ರಿ ಕೂತು ಸಂಕಮ್ಮನ ಸಾಲು ಪೂರ್ತಿ ಕೇಳಿ. ಅವಳು ಭಾಷೆ ಕೊಡಲ್ಲ ಅನ್ನೋ ಜಾಗ ಬಂದಾಗ ಹಿಮ್ಮೇಳದವರು ಸೊಲ್ಲು ಹೆಂಗೆ ಎತ್ತುತ್ತಾರೆ ಅಂತ ಗಮನಿಸಿ. ಆಮೇಲೆ ನಿಮ್ಮ ಅಭಿಪ್ರಾಯ ನನಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ. ಬರ್ತೀನಿ, ನಮಸ್ಕಾರ.