ಫಲಾನುಸಾರ ವೇತನವೂ ಉಪಾಧ್ಯಾಯರ ಸಂಘಗಳೂ

ಶಿಷ್ಯರ ಪ್ರಯೋಗವನ್ನು ನೋಡಿ ಗುರುಗಳ ತಾರತಮ್ಯವನ್ನು ನಿರ್ಣಯಿಸುವ ಪದ್ಧತಿಯು ಈಚಿನದೆಂದು ಕೆಲವರು ಭಾವಿಸಿರುವರು. ಕಾಳಿದಾಸನ ಮಾಲವಿಕಾಗ್ನಿಮಿತ್ರವನ್ನು ಓದಿದವರಿಗೆ ಹಾಗೆ ತೋರಲಾರದು. ಆ ನಾಟಕದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಕಲಹಮಾಡಿಕೊಂಡು ಅರಸನ ಬಳಿಗೆ ಬರುತ್ತಾರೆ. ಪರಿವ್ರಾಜಿಕೆಯಾದ ಕೌಶಿಕಿಯು ಮಧ್ಯಸ್ಥೆಯಾಗುತ್ತಾಳೆ. ಶಿಷ್ಯರ ಪ್ರಯೋಗವನ್ನು ನೋಡಿಯೇ ತೀರ್ಪು ಹೇಳತಕ್ಕದ್ದೆಂದು ಗೊತ್ತಾಗುತ್ತದೆ. ಆದರೆ ಈ ಪರೀಕ್ಷೆ ಏರ್ಪಟ್ಟದ್ದು ಆಚಾರ್ಯರ ಯೋಗ್ಯತೆಯನ್ನು ತಿಳಿಯುವುದಕ್ಕಾಗಿ ಅಲ್ಲ. ರಾಣಿಯು ಮರೆಯಲ್ಲಿರಿಸಿದ್ದ ಮಾಲವಿಕೆಯನ್ನು ಅರಸನು ಕಣ್ಣಾರೆ ಕಾಣಲೆಂದು ವಿದೂಷಕನು ಹೂಡಿದ ಉಪಾಯವದು. ಗಣದಾಸನ ಶಿಷ್ಯೆಯಾದ ಮಾಲವಿಕೆಯ ಅಭಿನಯವು ಮುಗಿದ ಮೇಲೆ ಹರದತ್ತನು ತನ್ನ ಸರದಿ ಬಂತೆಂದು ಮುಂದೆ ಬಂದರೆ, ನಡುಹಗಲಾಯಿತು, ಭೋಜನದ ಹೊತ್ತು ಮೀರುತ್ತದೆ ಎಂದು ಅವನನ್ನು ನಾಳೆಗೆ ತಳ್ಳಿಬಿಡುತ್ತಾರೆ. ಪಾಠಶಾಲೆಯಲ್ಲಿ ಈ ಭಾಗವನ್ನು ಓದುವಾಗ ನಾವೆಲ್ಲರೂ ನಕ್ಕಿದ್ದುಂಟು. ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಹರದತ್ತನನ್ನು ಕುರಿತು ನನಗೆ ಅಷ್ಟಾಗಿ ನಗು ಬರುವುದಿಲ್ಲ.

ವಿದ್ಯಾರ್ಥಿಗಳ ಪರೀಕ್ಷೆಯ ಫಲದಿಂದ ಉಪಾಧ್ಯಾಯನ ಬೆಲೆಯನ್ನು ಕಟ್ಟುವ ವಿಷಯದಲ್ಲಿ ಸರಕಾರಗಳಿಗೂ ಉಪಾಧ್ಯಾಯರ ಸಂಘಗಳಿಗೂ ನಡೆದ ವಿವಾದಗಳಲ್ಲಿ ಎರಡನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದೆ. ಒಂದು ಇಂಗ್ಲೆಂಡಿನಲ್ಲಿ 1862ರಿಂದ ಮೂವತ್ತೈದು ವರ್ಷಗಳ ಕಾಲ ನಡೆದದ್ದು; ಇನ್ನೊಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಮ್ಮ ಕಣ್ಣ ಮುಂದೆಯೇ ನಡೆದದ್ದು. ಈ ವಿವಾದಗಳಲ್ಲಿ ಉಪಾಧ್ಯಾಯರು ಪರೀಕ್ಷೆಗೆ ಹೆದರಿದರೆಂಬ ಅಪವಾದವು ಸಾಮಾನ್ಯವಾಗಿ ಕೇಳಿಬರುವುದು. ದಾಖಲೆಗಳನ್ನು ನೋಡಿದರೆ ಅವರ ಆಕ್ಷೇಪವು ಮುಖ್ಯವಾಗಿ ಪರೀಕ್ಷೆಯ ಮೇಲಲ್ಲ, ಪರೀಕ್ಷೆಯಿಂದ ಮಾಡಿದ ಅನುಮಾನದ ಮೇಲೆ ಎಂದು ನನಗೆ ತೋರುತ್ತದೆ.

ಇಂಗ್ಲೆಂಡಿನ ಜನಸಾಮಾನ್ಯರ ವಿದ್ಯಾಭ್ಯಾಸದ ಸ್ಥಿತಿಯನ್ನು ಪರಿಶೀಲಿಸಲು 1858ರಲ್ಲಿ ನ್ಯೂಕಾಸಲ್ ಪ್ರಭುವಿನ ಅಧ್ಯಕ್ಷತೆಯಲ್ಲಿ ನಿಯಮಿತವಾದ ಆಯೋಗವು 1861ರಲ್ಲಿ ವರದಿಯನ್ನೊಪ್ಪಿಸಿತು. ಸರಕಾರದ ಹಣ ವರ್ಷೇ ವರ್ಷೇ ಏರುತ್ತಿದ್ದರೂ ಕೆಳತರಗತಿಯ ಮಕ್ಕಳನ್ನು ಕೇಳುವವರಿಲ್ಲ, ಎಷ್ಟೋ ಮಂದಿ ಓದುಬರಹಗಳನ್ನು ಸರಿಯಾಗಿ ಕಲಿಯದೆಯೇ ಶಾಲೆಯನ್ನು ಬಿಡುತ್ತಾರೆ ಎಂಬುದು ಅದರ ದೂರು. ಈ ದೂರು ಸುಳ್ಳಲ್ಲ. ಇದನ್ನು ಮರೆತು ಮುಂದಿನ ಕಥೆಯನ್ನು ಹೇಳಿದರೆ ಅನ್ಯಾಯವಾದೀತು. ಆಗ ವಿದ್ಯಾಶಾಖೆಯ ಉಪಾಧ್ಯಕ್ಷನಾಗಿದ್ದ ರಾಬರ್ಟ್ ಲೋ ಎಂಬವನು ಇದಕ್ಕೆ ಕಂಡ ಪರಿಹಾರವೇ 1862ರ ಪರಿಷ್ಕೃತ ನಿಯಮಾವಳಿ. ಹೊಸ ಪದ್ಧತಿಯು ಅಗ್ಗವಾಗದಿದ್ದರೆ ಸಮರ್ಥವಾಗುವುದು, ಸಮರ್ಥವಾಗದಿದ್ದರೆ ಅಗ್ಗವಾಗುವುದು ಎಂದು ಅವನು ಪಾರ್ಲಿಮೆಂಟಿಗೆ ಭರವಸೆಯನ್ನಿತ್ತನು. ಅವನ ಮಾತು ಒಂದು ಪಕ್ಷದಲ್ಲಂತೂ ನಿಜವಾಯಿತು. 1861ರಲ್ಲಿ 8 ಲಕ್ಷ ಪೌಂಡುಗಳನ್ನು ಮೀರಿದ್ದ ಸಹಾಯಧನವು 1865ರಲ್ಲಿ ಸುಮಾರು 6 ಲಕ್ಷ 37 ಸಾವಿರಕ್ಕೆ ಇಳಿಯಿತು.

ಈ ನಿಯಮಾವಳಿಯ ಲೆಕ್ಕವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸರಾಸರಿ ಹಾಜರಿಯ ಮೇಲೆ ತಲೆಗೆ 4 ಷಿಲಿಂಗು. ಆರು ವರ್ಷ ಮೀರಿ, ವರ್ಷದಲ್ಲಿ 200 ಹಾಜರಿಗಳನ್ನು ಮೀರಿದ ಪ್ರತಿಯೊಂದು ಮಗುವಿನ ಪಾಲಿಗೂ ಮತ್ತೆ 8 ಷಿಲಿಂಗು. ಆದರೆ ಇನ್‌ಸ್ಪೆಕ್ಟರು ಬಂದು ಪರೀಕ್ಷಿಸಿದಾಗ ಆ ಮಗು ಓದಿನಲ್ಲಿ ತಪ್ಪಿದರೆ 2 ಷಿಲಿಂಗು 8 ಪೆನ್ಸು ಕಡಿತ, ಬರಹದಲ್ಲಿ ತಪ್ಪಿದರೆ ಅಷ್ಟೇ, ಲೆಕ್ಕದಲ್ಲಿ ತಪ್ಪಿದರೆ ಇನ್ನಷ್ಟೇ. ಮೂರರಲ್ಲಿಯೂ ತಪ್ಪಿದ ಮಗುವಿನ 8 ಷಿಲಿಂಗೂ ಹೋಯಿತು. ಹಿಂದೆ ಅರ್ಹತಾಪತ್ರವುಳ್ಳ ಉಪಾಧ್ಯಾಯನಿಗೆ ಸರಕಾರವೇ ನೇರವಾಗಿ ಸಲ್ಲಿಸುತ್ತಿದ್ದ ಧನವು ನಿಂತಿತು. 1846ರ ನಿಯಮಗಳು ತೋರಿಸಿದ್ದ ನಿವೃತ್ತಿವೇತನದ ಆಸೆಯೂ ಹೋಯಿತು. ಹಣವೆಲ್ಲ ಶಾಲೆಯ ವ್ಯವಸ್ಥಾಪಕರ ಕೈಗೆ ಬರುವುದು. ಅವರು ಉಪಾಧ್ಯಾಯನೊಡನೆ ತಮಗೆ ತೋಚಿದಂತೆ ಕರಾರುಮಾಡಿಕೊಳ್ಳಬಹುದು. ಬಂದ ಗ್ರಾಂಟಿನಲ್ಲಿ ಇಷ್ಟು ಪಾಲೆಂದು ಅನೇಕ ಕಡೆ ಗೊತ್ತುಮಾಡಿದರು. ಹೀಗೆ ಮುಂದಿನ ಸಾಲಿನಲ್ಲಿ ಕುಳಿತ ಮಂದಬುದ್ಧಿಯ ಹುಡುಗನ ಮುಖದಲ್ಲಿ ಉಪಾಧ್ಯಾಯನು ತನ್ನ ಮನೆಯ ಅಕ್ಕಿಬೇಳೆಯ ಲೆಕ್ಕವನ್ನು ಓದಬೇಕಾಗಿ ಬಂದಿತು.

ಪರಿಣಾಮವು ಊಹಿಸತಕ್ಕದ್ದೇ. ಚರಿತ್ರೆ ಭೂಗೋಳಗಳಿಗೆ ಬೆಲೆಯಿಲ್ಲವಾದ್ದರಿಂದ ಅವು ಶಾಲೆಯಿಂದ ಹಿಂದೆ ಸರಿದವು. 1867ರಲ್ಲಿ ಇವುಗಳಿಗೂ ಬೇರೆ ಗ್ರಾಂಟನ್ನು ಕೊಟ್ಟು ಮತ್ತೆ ಕರೆತರಬೇಕಾಯಿತು. ಒಂದೇ ವಾಚನಪುಸ್ತಕವನ್ನು ವರ್ಷವೆಲ್ಲ ಉರುಹೊಡೆಸಿ, ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಹುಡುಗನು ತಡೆಯದೆ ಒಪ್ಪಿಸುವಂತೆ ಮಾಡುತ್ತಿದ್ದರೆಂದು ಆ ಕಾಲದವರು ಹೇಳಿಕೊಂಡಿರುವರು. ಜ್ವರ ಬಂದು ಮಲಗಿದ ಮಕ್ಕಳನ್ನು ಇನ್‌ಸ್ಪೆಕ್ಟರು ಬರುವ ದಿನ ಹೊದಿಸಿಕೊಂಡು ತಂದು ಕೂರಿಸಿದ್ದೂ ಉಂಟು. 1851ರಿಂದ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡನು, ನಿಜವಾಗಿ ಓದುಬರಹ ಲೆಕ್ಕಗಳು ಬಾರದ ಮಕ್ಕಳನ್ನೂ ಜಾಣತನದ ಸಿದ್ಧತೆಯಿಂದ ಈ ಮೂರರ ಪರೀಕ್ಷೆಯಲ್ಲಿ ತೇರ್ಗಡೆಮಾಡಿಸಬಹುದೆಂದು ತನ್ನ ವರದಿಯಲ್ಲಿಯೇ ಬರೆದನು. ಸರಕಾರದ ನೌಕರನು ಸರಕಾರದ ಪದ್ಧತಿಯನ್ನು ಕುರಿತು ಬರೆದ ಮಾತಾದ್ದರಿಂದ ಇದಕ್ಕೆ ತೂಕ ಹೆಚ್ಚು. ಇನ್‌ಸ್ಪೆಕ್ಟರುಗಳ ವರದಿಗಳಲ್ಲಿ ತನಗೆ ಹಿಡಿಸದ ಭಾಗಗಳನ್ನು ಕತ್ತರಿಸುತ್ತಾನೆಂಬ ಆಪಾದನೆಯು ಲೋ ಮೇಲೆ ಬಂದು, ಕಾಮನ್ಸ್ ಸಭೆಯ ನಿರ್ಣಯವು ಅವನಿಗೆ ವಿರುದ್ಧವಾಗಲು, 1864ರಲ್ಲಿ ಅವನು ಅಧಿಕಾರವನ್ನು ಬಿಟ್ಟನು. ಆಮೇಲಿನ ವಿಚಾರಣೆಯಲ್ಲಿ ಅವನು ನಿರ್ದೋಷಿಯೆಂದಾಯಿತು. ನಿಯಮಾವಳಿಯು ಮಾತ್ರ ನಿಂತಿತು.

ನಮ್ಮ ಪಾಠಶಾಲೆಗೂ ವರ್ಷಕ್ಕೊಮ್ಮೆ ತನಿಖೆ ಬರುತ್ತಿತ್ತು. ಆ ದಿನ ನಮ್ಮ ಗುರುಗಳು, ಶಬ್ದರೂಪಗಳಲ್ಲಿ ತೊದಲುತ್ತಿದ್ದ ನನ್ನ ಜೊತೆಗಾರನೊಬ್ಬನನ್ನು ಹೂ ತರುವುದಕ್ಕೆಂದು ತೋಟಕ್ಕೆ ಕಳುಹಿಸಿದರು. ತೋಟದಲ್ಲಿ ಆಗ ಹೂವಿನ ಕಾಲವಲ್ಲ. ಅವರು ಸಜ್ಜನರು, ಬೇರೆ ಯಾವ ದಿನವೂ ಯಾವ ಹುಡುಗನನ್ನೂ ಅವರು ಹೊರಗೆ ಕಳುಹಿಸಿದವರಲ್ಲ.

ಇಂಗ್ಲೆಂಡಿನ ಉಪಾಧ್ಯಾಯರು ಅದುವರೆಗೆ ಮತಭೇದಗಳಿಂದ ಬೇರೆ ಬೇರೆ ಸಣ್ಣ ಕೂಟಗಳಾಗಿ ಹಂಚಿಹೋಗಿದ್ದರು. ಅವರೆಲ್ಲರಿಗೂ ಸಮಾನವಾದ ಒಂದು ನೋವನ್ನು ಒದಗಿಸಿದ ಕೀರ್ತಿ ಈ ನಿಯಮಾವಳಿಗೆ ಸಲ್ಲಬೇಕು. 1870ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಸೇರಿ ಅವರು ಪ್ರಾಥಮಿಕ ಉಪಾಧ್ಯಾಯರ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ನಿಯಮಾವಳಿಯ ತಿದ್ದುಪಡಿಯೂ ನಿವೃತ್ತಿವೇತನವೂ ಸಂಘದ ಮೊದಲ ಬೇಡಿಕೆಗಳಲ್ಲಿ ಸೇರಿದ್ದವು. ಇವರು ಮುಷ್ಕರ ಹೂಡಲಿಲ್ಲ. ಮನವಿ, ನಿಯೋಗ, ಚುನಾವಣೆಯ ಕಾಲದಲ್ಲಿ ಅಭ್ಯರ್ಥಿಗಳ ಬಳಿ ವಿಚಾರಣೆ, ಹೀಗೆ ಇಪ್ಪತ್ತು ವರ್ಷ ಒಂದೇ ಮಾತನ್ನು ಹೇಳುತ್ತ ಬಂದರು. 1886ರಲ್ಲಿ ಕ್ರಾಸ್ ಆಯೋಗವು ಕುಳಿತು 1888ರಲ್ಲಿ ವರದಿ ಮಾಡಿತು. 1890ರ ನಿಯಮಾವಳಿಯಲ್ಲಿ ತಲೆಯೆಣಿಕೆಯ ಪರೀಕ್ಷೆಯ ಬಹುಭಾಗವು ಹೋಯಿತು. ಉಳಿದದ್ದು 1897ರ ವೇಳೆಗೆ ಅಳಿಯಿತು.

ಈ ಪದ್ಧತಿಯು ಇಂಗ್ಲೆಂಡಿನಲ್ಲಿ ಹುಟ್ಟಿದ ಕೆಲವೇ ವರ್ಷಗಳಲ್ಲಿ ಸಮುದ್ರವನ್ನು ದಾಟಿ ನಮ್ಮ ದೇಶಕ್ಕೂ ಬಂದಿತ್ತು. 1854ರ ಶಿಕ್ಷಣ ಪತ್ರದಿಂದ ಮೊದಲಾದ ಸಹಾಯಧನವನ್ನು ಹಂಚುವುದಕ್ಕೆ ಮುಂಬಯಿ ಆಧಿಪತ್ಯವು ಫಲಾನುಸಾರ ಕ್ರಮವನ್ನೇ ಹಿಡಿಯಿತು. ಮದರಾಸಿನಲ್ಲಿ ಅದು ಸಂಬಳದ ಗ್ರಾಂಟಿನೊಡನೆ ಸೇರಿ ನಡೆಯಿತು. ಧಾರವಾಡ ಬೆಳಗಾವಿಗಳು ಆಗ ಮುಂಬಯಿಗೂ, ಬಳ್ಳಾರಿ ದಕ್ಷಿಣ ಕನ್ನಡಗಳು ಮದರಾಸಿಗೂ ಸೇರಿದ್ದುದರಿಂದ ಕನ್ನಡನಾಡಿನ ಈ ಭಾಗಗಳೂ ಆ ನಿಯಮಗಳಿಗೊಳಪಟ್ಟಿದ್ದವು. 1882ರ ಹಂಟರ್ ಆಯೋಗವು ಕಾಲೇಜುಗಳಿಗೆ ಈ ಕ್ರಮವು ಸಲ್ಲದೆಂದಿತು. ಪ್ರಾಥಮಿಕ ಶಾಲೆಗಳಿಗೆ ಮಾತ್ರ ಬಹುಮಟ್ಟಿಗೆ ಇದೇ ಇರಲಿ ಎಂದಿತು. ಕಾಲೇಜಿನ ಆಚಾರ್ಯನಿಗೆ ಹೊಂದದ ತಕ್ಕಡಿಯು ಹಳ್ಳಿಯ ಜಗಲಿಯ ಮೇಷ್ಟರಿಗೆ ಹೇಗೆ ಹೊಂದಿತೋ ಗೊತ್ತಾಗದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಕರ್ಜನ್ ಪ್ರಭುವಿನ ಸುಧಾರಣೆಗಳ ಸಮಯದಲ್ಲಿ, ಇಲ್ಲಿಯೂ ಅದನ್ನು ಕೈಬಿಡಲಾಯಿತು.

ಅಮೆರಿಕದ ಪ್ರಸಂಗಕ್ಕೆ ಬರುವ ಮೊದಲು ಇಲ್ಲಿಯ ದೋಷವನ್ನು ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದು ಅನುಕೂಲ. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬಹುದು. ಬೆಂಕಿಯಿಂದ ಹೊಗೆಯನ್ನು ಅನುಮಾನಿಸಲಾಗದು. ಏಕೆಂದರೆ ಹಸಿಸೌದೆಯ ಸಂಬಂಧವಿದ್ದಲ್ಲಿ ಮಾತ್ರ ಬೆಂಕಿಗೆ ಹೊಗೆಯುಂಟು; ಇದನ್ನೇ ಉಪಾಧಿಯೆನ್ನುತ್ತಾರೆ. ಶಿಷ್ಯನು ತೇರ್ಗಡೆಯಾದನು, ಆದಕಾರಣ ಗುರು ಸಮರ್ಥನು ಎಂಬ ಅನುಮಾನದಲ್ಲಿಯೂ ಉಪಾಧಿಯೊಂದು ಅಡಗಿದೆ: ಆ ತೇರ್ಗಡೆಯು ಆ ಗುರುವಿನ ಬೋಧನೆಯಿಂದಲೇ ಆದದ್ದಾಗಿರಬೇಕು. ಮನೆಯ ಊಟ, ತಾಯಿಯ ಓದು, ಹಿಂದಿನ ವರ್ಷದ ಉಪಾಧ್ಯಾಯ, ಪರೀಕ್ಷೆಯ ದಿನದ ಜ್ವರ ಇವುಗಳಿಂದಲೂ ಫಲವು ಏರಿಳಿಯುವುದಾದರೆ ಹೇತುವು ಕೆಟ್ಟಿತು.

ಲೋ ಈ ಉಪಾಧಿಯನ್ನು ಗಮನಿಸಲೇ ಇಲ್ಲ. ಅಮೆರಿಕದವರು ಗಮನಿಸಿದರು ಎಂಬುದನ್ನು ಒಪ್ಪಬೇಕು. ಪಶುಸಂತತಿಯ ಗಣಿತದಲ್ಲಿ ಪಳಗಿದ್ದ ವಿಲಿಯಂ ಸ್ಯಾಂಡರ್ಸ್ ಎಂಬ ಸಂಖ್ಯಾಶಾಸ್ತ್ರಜ್ಞನ ವಿಧಾನವನ್ನು ಟೆನೆಸಿ ಸಂಸ್ಥಾನವು 1992ರಲ್ಲಿ ಅಂಗೀಕರಿಸಿತು. ಮಗುವಿನ ಹಿಂದಿನ ಅಂಕಗಳಿಂದ ಈ ವರ್ಷ ಅದು ಎಷ್ಟನ್ನು ಪಡೆಯಬೇಕಾಗಿತ್ತೆಂದು ಗಣಿಸಿ, ಪಡೆದದ್ದರೊಡನೆ ಹೋಲಿಸಿ, ವ್ಯತ್ಯಾಸವನ್ನು ಉಪಾಧ್ಯಾಯನ ಲೆಕ್ಕಕ್ಕೆ ಬರೆಯುವುದು ಇದರ ತಿರುಳು. 2009ರಲ್ಲಿ ಕೇಂದ್ರ ಸರಕಾರವು 435 ಕೋಟಿ ಡಾಲರುಗಳ ಸ್ಪರ್ಧೆಯೊಂದನ್ನು ಸಾರಿ, ಮಕ್ಕಳ ಅಂಕಗಳನ್ನು ಉಪಾಧ್ಯಾಯರ ಮೌಲ್ಯನಿರ್ಣಯಕ್ಕೆ ಸೇರಿಸುವ ಸಂಸ್ಥಾನಗಳಿಗೆ ಅನುಕೂಲ ತೋರಿಸಲು, ಅನೇಕ ಸಂಸ್ಥಾನಗಳು ತಮ್ಮ ಶಾಸನಗಳನ್ನು ಅವಸರವಾಗಿ ತಿದ್ದಿದವು. 2010ರಲ್ಲಿ ಲಾಸ್ ಏಂಜಲೀಸಿನ ಪ್ರಸಿದ್ಧ ಪತ್ರಿಕೆಯು ತಾನೇ ಗಣಿತ ಮಾಡಿಸಿ ಸುಮಾರು 6,000 ಉಪಾಧ್ಯಾಯರ ಹೆಸರುಗಳನ್ನು ಅವರವರ ತರಗತಿಸಹಿತ ಪ್ರಕಟಿಸಿತು. 2012ರಲ್ಲಿ, ಸಂಘವು ನ್ಯಾಯಾಲಯದಲ್ಲಿ ಸೋತ ಮೇಲೆ, ನ್ಯೂಯಾರ್ಕಿನಲ್ಲಿ ಸುಮಾರು 18,000 ಮಂದಿಯ ಅಂಕಗಳು ಬಯಲಾದವು.

ಅದೇ ವರ್ಷ ಸೆಪ್ಟೆಂಬರು 10ರಂದು ಷಿಕಾಗೋ ನಗರದ ಉಪಾಧ್ಯಾಯರ ಸಂಘವು ಕರೆನ್ ಲೂಯಿಸ್ ಎಂಬಾಕೆಯ ನಾಯಕತ್ವದಲ್ಲಿ ಮುಷ್ಕರ ಹೂಡಿತು. ಆ ನಗರದಲ್ಲಿ ಇಪ್ಪತ್ತೈದು ವರ್ಷಗಳಿಂದ ಉಪಾಧ್ಯಾಯರು ಮುಷ್ಕರ ಹೂಡಿರಲಿಲ್ಲ. 25,000ಕ್ಕೆ ಮೇಲ್ಪಟ್ಟ ಉಪಾಧ್ಯಾಯರೂ ಸಿಬ್ಬಂದಿಯೂ ಹೊರಬಂದರು. ಸುಮಾರು ಮೂರೂವರೆ ಲಕ್ಷ ಮಕ್ಕಳಿಗೆ ಏಳು ದಿನ ಪಾಠ ತಪ್ಪಿತು. ಕೆಲಸ ಹೋದವರನ್ನು ಮತ್ತೆ ಕರೆಯುವುದು, ಪಾಠದ ವೇಳೆಯ ವಿಸ್ತಾರ ಮೊದಲಾದ ಬೇರೆ ವಿಷಯಗಳೂ ಇದ್ದವು. ಅಂಕಗಳ ವಿಷಯದಲ್ಲಿ ಇಲಿನಾಯ್ ಸಂಸ್ಥಾನದ 2010ರ ಶಾಸನವನ್ನು ಸಂಘವು ಅಳಿಸಲಾರದು. ಕೊನೆಯ ಒಪ್ಪಂದದಲ್ಲಿ ಮಕ್ಕಳ ಪ್ರಗತಿಯ ಪಾಲು ನೂರಕ್ಕೆ 30ನ್ನು, ಎಂದರೆ ಶಾಸನದ ಕನಿಷ್ಠವನ್ನು, ಮೀರದಂತಾಯಿತು. ನಗರವು ಇನ್ನೂ ಹೆಚ್ಚಿನದನ್ನು ಬಯಸಿತ್ತು.

ಗಣಿತವು ಸೂಕ್ಷ್ಮವಾದರೂ ಉಪಾಧಿಯು ಹೋಯಿತೆ? ರಾಜ್ ಚೆಟ್ಟಿ ಮೊದಲಾದ ಮೂವರು ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಈ ಗಣನೆಯಲ್ಲಿ ಮೇಲೆ ನಿಂತ ಉಪಾಧ್ಯಾಯರ ಕೈಯಲ್ಲಿ ಕಲಿತ ಮಕ್ಕಳು ಮುಂದೆ ಹೆಚ್ಚಾಗಿ ಕಾಲೇಜಿಗೆ ಹೋಗುತ್ತಾರೆ, ಹೆಚ್ಚು ಸಂಪಾದಿಸುತ್ತಾರೆ. ಅದೇ ವರ್ಷ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು, ಅಂಕಗಳ ವ್ಯತ್ಯಾಸದಲ್ಲಿ ಉಪಾಧ್ಯಾಯರಿಂದಾಗುವ ಭಾಗವು ನೂರಕ್ಕೆ 1ರಿಂದ 14ರ ವರೆಗೆ ಮಾತ್ರವೆಂದು ಬಹುತೇಕ ಅಧ್ಯಯನಗಳು ತೋರಿಸುವುದಾಗಿ ಹೇಳಿತು. ಈ ಎರಡು ಮಾತುಗಳಿಗೆ ವಿರೋಧವಿಲ್ಲ. ಸಮೂಹದಲ್ಲಿ ಕಾಣುವ ಸತ್ಯವನ್ನು ಇಪ್ಪತ್ತೈದು ಮಕ್ಕಳ ಒಂದು ತರಗತಿಯ ಒಬ್ಬ ಉಪಾಧ್ಯಾಯನ ಕತ್ತಿಗೆ ಕಟ್ಟಬಹುದೇ ಎಂಬುದೇ ಸಂಘಗಳ ಪ್ರಶ್ನೆ. ಫ್ಲಾರಿಡಾದಲ್ಲಿ ಉಪಾಧ್ಯಾಯರಿಗೆ ತಾವು ಎಂದೂ ಪಾಠ ಹೇಳದ ಮಕ್ಕಳ ಅಂಕಗಳಿಂದಲೂ ಬೆಲೆ ಕಟ್ಟಲಾಗಿತ್ತು; 2014ರಲ್ಲಿ ನ್ಯಾಯಾಧೀಶನು ಇದು ಅನ್ಯಾಯವೆಂದು ಒಪ್ಪಿ, ರಾಜ್ಯಾಂಗಕ್ಕೆ ವಿರುದ್ಧವಲ್ಲವೆಂದು ದಾವೆಯನ್ನು ವಜಾಮಾಡಿದನು. ಅಂಕಗಳ ಒತ್ತಡ ಎಲ್ಲಿಗೆ ಮುಟ್ಟಬಹುದೆಂಬುದನ್ನು ಅಟ್ಲಾಂಟ ನಗರವು ತೋರಿಸಿತು: ಅಲ್ಲಿ 44 ಶಾಲೆಗಳ 178 ಮಂದಿ ಉಪಾಧ್ಯಾಯರೂ ಮುಖ್ಯೋಪಾಧ್ಯಾಯರೂ ಮಕ್ಕಳ ಉತ್ತರಗಳ ವಿಷಯದಲ್ಲಿ ಮೋಸಕ್ಕೆ ಸೇರಿದ್ದರೆಂದು 2011ರ ವಿಚಾರಣೆಯ ವರದಿಯು ತಿಳಿಸಿತು. ಆರ್ನಾಲ್ಡನು ಕಂಡ ಜಾಣತನದ ಸಿದ್ಧತೆಗಿಂತ ಇದು ಒಂದು ಹೆಜ್ಜೆ ಮುಂದೆ.

2015ರ ಡಿಸೆಂಬರಿನಲ್ಲಿ ಕೇಂದ್ರದ ಹೊಸ ಶಾಸನವು ಈ ವಿಷಯವನ್ನು ಸಂಸ್ಥಾನಗಳ ಇಚ್ಛೆಗೆ ಬಿಟ್ಟಿತು. ಅತ್ತ ಟೆಕ್ಸಸಿನ ಹ್ಯೂಸ್ಟನ್ನಿನಲ್ಲಿ ಉಪಾಧ್ಯಾಯರ ಸಂಘವು ಹೂಡಿದ್ದ ವ್ಯಾಜ್ಯವು 2017ರ ಮೇ ತಿಂಗಳಲ್ಲಿ ಮುಖ್ಯ ಘಟ್ಟಕ್ಕೆ ಬಂದಿತು. ಅಲ್ಲಿ ಅಂಕಗಳನ್ನು ಗಣಿಸುತ್ತಿದ್ದುದು ಖಾಸಗಿ ಕಂಪೆನಿ; ಗಣನೆಯ ಕ್ರಮವು ಅದರ ವ್ಯಾಪಾರರಹಸ್ಯ. ತನ್ನ ಅಂಕವು ಸರಿಯೋ ತಪ್ಪೋ ಎಂದು ಉಪಾಧ್ಯಾಯನು ನೋಡುವಂತಿರಲಿಲ್ಲ. ಅವನನ್ನು ಕೆಲಸದಿಂದ ತೆಗೆಯಬಹುದಾಗಿದ್ದ ಶಾಲಾಮಂಡಲಿಯೂ ಅದನ್ನು ಪರೀಕ್ಷಿಸುತ್ತಿರಲಿಲ್ಲ. ಪರಿಶೀಲಿಸಲು ಮಾರ್ಗವಿಲ್ಲದ ಅಂಕದಿಂದ ಒಬ್ಬನ ಜೀವಿಕೆಯನ್ನು ಕಳೆಯುವುದು ನ್ಯಾಯಕ್ರಮಕ್ಕೆ ವಿರುದ್ಧವೆಂಬ ಸಂಘದ ವಾದವು ವಿಚಾರಣೆಗೆ ಯೋಗ್ಯವೆಂದು ನ್ಯಾಯಾಧೀಶನು ತೀರ್ಮಾನಿಸಿದನು. ಅದೇ ವರ್ಷ ಶಾಲಾಮಂಡಲಿಯು ರಾಜಿಗೆ ಬಂದಿತು. ಉಪಾಧ್ಯಾಯನು ಪರಿಶೀಲಿಸಲಾರದ ಅಂಕದ ಆಧಾರದಿಂದ ಅವನನ್ನು ತೆಗೆಯುವುದಿಲ್ಲವೆಂದು ಬರೆದುಕೊಟ್ಟಿತು.